ರಸೀದಿಯಲ್ಲಿರುವ ಆರು ಪರ್ಸೆಂಟ್

(ಮನೆ ಕಂದಾಯ, ಖಾತೆ, ಪಾಲಿಕೆ ಮತ್ತು ಪಂಚಾಯ್ತಿ ವ್ಯವಹಾರಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ನಿವೃತ್ತ ಕಂದಾಯ ನೌಕರರೊಬ್ಬರ ಉತ್ತರ)

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕಿ. ಮಗಳ ಬಾಣಂತನಕ್ಕೆ ಅಂತ ಅಮೆರಿಕದ ಮಿಶಿಗನ್ ರಾಜ್ಯಕ್ಕೆ ಹೋಗಿ ಐದು ತಿಂಗಳು ಇದ್ದು ಬಂದೆ. ಅಲ್ಲಿ ಗ್ರಂಥಾಲಯಕ್ಕೆ ಅಂತ ಮನೆ ತೆರಿಗೆಯ ಜೊತೆ ದುಡ್ಡು ಕಟ್ಟಬೇಕೋ ಬೇಡವೋ ಅನ್ನೋದನ್ನ ಊರಿನವರೇ ವೋಟು ಹಾಕಿ ತೀರ್ಮಾನ ಮಾಡುತ್ತಾರಂತೆ. ಅದಕ್ಕಾಗಿ ಮನೆ ಮುಂದೆ ಬೋರ್ಡು ಕೂಡ ನೆಟ್ಟುಕೊಳ್ಳುತ್ತಾರೆ. ವಾಪಸ್ ಬಂದು ನನ್ನ ಕಂದಾಯದ ರಸೀದಿ ನೋಡಿದರೆ ಅದರಲ್ಲೂ ‘ಗ್ರಂಥಾಲಯ ಕರ’ ಅಂತ ಒಂದು ಸಾಲಿದೆ. ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ. ನಮ್ಮನ್ನು ಯಾರೂ ಕೇಳಲೇ ಇಲ್ಲವಲ್ಲ? ನಮಗೂ ಆ ವೋಟಿನ ಹಕ್ಕು ಬೇಡವಾ? ಆ ದುಡ್ಡು ಎಲ್ಲಿಗೆ ಹೋಗುತ್ತದೆ?
— ಓದುಗರು, ಎಸ್.ಎಸ್. ಪುರಂ, ತುಮಕೂರು

ಮೇಡಂ, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನಾನು ಮೂವತ್ಮೂರು ವರ್ಷ ಕಂದಾಯ ವಿಭಾಗದಲ್ಲಿ ಕೆಲಸ ಮಾಡಿದವನು. ಮೊದಲ ಹದಿನಾಲ್ಕು ವರ್ಷ ಬಿಲ್ ಕಲೆಕ್ಟರ್ ಆಗಿದ್ದೆ. ಕಾರ್ಬನ್ ಹಾಳೆ ಇಟ್ಟು, ಪೆನ್ನು ಒತ್ತಿ, ಆ ಸಾಲನ್ನು ನನ್ನ ಕೈಯಲ್ಲೇ ಎಷ್ಟು ಸಾವಿರ ಸಲ ಬರೆದಿದ್ದೇನೋ. ಅದರ ಬಗ್ಗೆ ನನ್ನನ್ನು ಕೇಳಿದವರು ಇಷ್ಟು ವರ್ಷದಲ್ಲಿ ಇಬ್ಬರೇ. ನೀವು ಎರಡನೆಯವರು. ಮೊದಲನೆಯವರ ವಿಷಯ ಆಮೇಲೆ ಹೇಳುತ್ತೇನೆ.

ಮೊದಲು ಲೆಕ್ಕ ನೋಡಿಬಿಡೋಣ. ನಿಮ್ಮ ಮನೆಯ ಮೂಲ ಕಂದಾಯ 3,000 ರೂಪಾಯಿ ಅಂತ ಇಟ್ಟುಕೊಳ್ಳಿ. ಅದರ ಮೇಲೆ ಆರೋಗ್ಯ ಕರ ಶೇ. 15, ಅಂದರೆ 450 ರೂಪಾಯಿ. ಗ್ರಂಥಾಲಯ ಕರ ಶೇ. 6, ಅಂದರೆ 180. ಭಿಕ್ಷುಕರ ಕರ ಶೇ. 3, ಅಂದರೆ 90. ನಿಮ್ಮ ರಸೀದಿಯಲ್ಲಿ ಇನ್ನೂ ಬೇರೆ ಬಾಬ್ತು ಇರಬಹುದು, ಅದು ಈಗ ಬೇಡ. ಆ 180 ರೂಪಾಯಿ ಪಾಲಿಕೆಯ ದುಡ್ಡಲ್ಲ. ಪಾಲಿಕೆ ಅದನ್ನು ವಸೂಲಿ ಮಾಡಿ ಗ್ರಂಥಾಲಯದ ನಿಧಿಗೆ ದಾಟಿಸಬೇಕು. ಪುಸ್ತಕ, ಪೇಪರ್, ಕುರ್ಚಿ, ಬಾಡಿಗೆ ಕಟ್ಟಡ ಆದರೆ ಬಾಡಿಗೆ, ಇದಕ್ಕೆಲ್ಲ ಅದು ಬಳಕೆಯಾಗಬೇಕು.

‘ಯಾರು ಕೇಳಿದರು’ ಅನ್ನೋದಕ್ಕೆ ಉತ್ತರ: ನಿಮ್ಮನ್ನು ಕೇಳಲಿಲ್ಲ, ನಿಜ. ಆಗ ನಮ್ಮದು ಮೈಸೂರು ರಾಜ್ಯ. 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆಯಿತು. ಊರೂರಿನ ಗ್ರಂಥಾಲಯಕ್ಕೆ ದುಡ್ಡು ಎಲ್ಲಿಂದ ಬರಬೇಕು ಅಂತ ಶಾಸನಸಭೆಯೇ ತೀರ್ಮಾನ ಮಾಡಿತು. ನಮಗಿಂತ ಮುಂಚೆ, 1948ರಲ್ಲೇ, ಮದ್ರಾಸಿನಲ್ಲಿ ಇಂಥ ಕಾಯ್ದೆ ಬಂದಿತ್ತು. ಅದರ ಹಿಂದೆ ಇದ್ದವರು ಎಸ್.ಆರ್. ರಂಗನಾಥನ್. ಗಣಿತದ ಮೇಷ್ಟ್ರಾಗಿದ್ದು ಗ್ರಂಥಪಾಲಕರಾದವರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದು 1972ರಲ್ಲಿ ತೀರಿಕೊಂಡರು. ದಾನ ಕೊಡುವವರನ್ನು ನಂಬಿ ಗ್ರಂಥಾಲಯ ನಡೆಸೋಕೆ ಆಗಲ್ಲ, ಅದಕ್ಕೆ ಕಾಯ್ದೆಯ ಮೂಲಕ ಬರುವ ದುಡ್ಡೇ ಬೇಕು ಅಂತ ಬಹಳ ವರ್ಷ ಪಟ್ಟು ಹಿಡಿದವರು ಅವರು. ನಿಮ್ಮ ರಸೀದಿಯ ಆ ಸಾಲಿನ ಬೇರು ಅಲ್ಲಿದೆ.

ಇನ್ನು ವೋಟಿನ ವಿಷಯ. ಮಿಶಿಗನ್ನಿನಲ್ಲಿ ಅದಕ್ಕೆ ‘ಮಿಲೇಜ್’ ಅನ್ನುತ್ತಾರೆ. ಒಂದು ಮಿಲ್ ಅಂದರೆ ತೆರಿಗೆಗೆ ಹಿಡಿಯುವ ಬೆಲೆಯಲ್ಲಿ ಸಾವಿರ ಡಾಲರಿಗೆ ಒಂದು ಡಾಲರ್. ‘ನಮ್ಮ ಗ್ರಂಥಾಲಯಕ್ಕೆ ಇಷ್ಟು ಮಿಲ್, ಇಷ್ಟು ವರ್ಷಕ್ಕೆ’ ಅಂತ ಮತಪತ್ರದಲ್ಲಿ ಅಚ್ಚು ಹಾಕುತ್ತಾರೆ. ಹೌದು ಅಥವಾ ಇಲ್ಲ. ಇದು ನಿನ್ನೆ ಮೊನ್ನೆ ಶುರುವಾಗಿದ್ದೂ ಅಲ್ಲ. ಅಮೆರಿಕದ ಪೀಟರ್‌ಬರೋ ಅನ್ನೋ ಸಣ್ಣ ಊರಿನವರು 1833ರಲ್ಲೇ ಊರ ಸಭೆ ಸೇರಿ, ಊರಿನ ದುಡ್ಡಲ್ಲಿ ಎಲ್ಲರಿಗೂ ಬಿಟ್ಟಿಯಾಗಿ ಪುಸ್ತಕ ಸಿಗೋ ಗ್ರಂಥಾಲಯ ಮಾಡಿಕೊಂಡರು.

ನಿಮ್ಮ ಮಗಳು ಇರುವ ರಾಜ್ಯದಲ್ಲೇ ಟ್ರಾಯ್ ಅಂತ ಒಂದು ಊರಿದೆ. ಡೆಟ್ರಾಯಿಟ್ ಹತ್ತಿರ. 2011ರಲ್ಲಿ ಅಲ್ಲಿಯ ಗ್ರಂಥಾಲಯ ಮುಚ್ಚುವ ಹಂತಕ್ಕೆ ಬಂದಿತ್ತು. 0.7 ಮಿಲ್ ತೆರಿಗೆಗೆ ಒಪ್ಪಿದರೆ ಉಳಿಯುತ್ತದೆ, ಇಲ್ಲದಿದ್ದರೆ ಬೀಗ. ಒಂದು ಲಕ್ಷ ಡಾಲರ್ ತೆರಿಗೆ ಬೆಲೆಯ ಮನೆಗೆ ವರ್ಷಕ್ಕೆ 70 ಡಾಲರ್ ಬೀಳುತ್ತಿತ್ತು. ತೆರಿಗೆ ಬೇಡ ಅನ್ನುವವರ ದನಿಯೇ ಜೋರಾಗಿತ್ತು. ಆಗ ಊರಲ್ಲಿ ವಿಚಿತ್ರವಾದ ಬೋರ್ಡುಗಳು ಎದ್ದವು. ‘ಆಗಸ್ಟ್ 2ಕ್ಕೆ ಗ್ರಂಥಾಲಯ ಮುಚ್ಚಲು ವೋಟು ಹಾಕಿ, ಆಗಸ್ಟ್ 5ಕ್ಕೆ ಪುಸ್ತಕ ಸುಡುವ ಸಮಾರಂಭ’ ಅಂತ. ಜನ ರೊಚ್ಚಿಗೆದ್ದರು. ಪುಸ್ತಕ ಸುಡೋದಾ? ಅಲ್ಲಿಯವರೆಗೆ ಊರವರು ಮಾತಾಡುತ್ತಿದ್ದದ್ದು ಬರೀ ತೆರಿಗೆ, ತೆರಿಗೆ. ಆ ಬೋರ್ಡು ನೋಡಿದ ಮೇಲೆ ಪುಸ್ತಕದ ಬಗ್ಗೆ ಮಾತಾಡಿದರು. ಅದನ್ನು ಹಾಕಿಸಿದವರು ಗ್ರಂಥಾಲಯದ ಪರವಾಗಿ ಇದ್ದವರೇ ಅಂತ ಆಮೇಲೆ ಗೊತ್ತಾಯಿತು. ಗ್ರಂಥಾಲಯ ಗೆದ್ದಿತು.

ಆದರೆ ಅದೇ ರಾಜ್ಯದ ಇನ್ನೊಂದು ಕಥೆಯನ್ನೂ ಕೇಳಿ. ಜೇಮ್ಸ್‌ಟೌನ್ ಅನ್ನುವ ಊರಲ್ಲಿ ಗ್ರಂಥಾಲಯದಲ್ಲಿದ್ದ ಕೆಲವು ಪುಸ್ತಕಗಳ ಬಗ್ಗೆ ಜಗಳ ಎದ್ದಿತು. 2022ರ ಆಗಸ್ಟಿನಲ್ಲಿ ಜನ ಗ್ರಂಥಾಲಯದ ತೆರಿಗೆಯನ್ನು ತಿರಸ್ಕರಿಸಿದರು. ನವೆಂಬರಿನಲ್ಲಿ ಮತ್ತೆ ವೋಟು, ಮತ್ತೆ ತಿರಸ್ಕಾರ. ಬರಬೇಕಾದ ಸಂಬಳ, ಕಟ್ಟಬೇಕಾದ ಬಿಲ್ಲು ಯಾವುದಕ್ಕೂ ಖಾತ್ರಿ ಇಲ್ಲದೆ ಗ್ರಂಥಾಲಯದವರು ದಿನ ದೂಡಿದರು. 2023ರ ನವೆಂಬರಿನಲ್ಲಿ ಮೂರನೇ ಸಲ ಕೇಳಿದಾಗ ಊರು ಒಪ್ಪಿತು.

ಅದಕ್ಕೇ ಮೇಡಂ, ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಮ್ಮ ಆರು ಪರ್ಸೆಂಟನ್ನು ಕೊಟ್ಟು ಅವರ ವೋಟನ್ನು ತೆಗೆದುಕೊಳ್ಳಬೇಕಾ ಅಂದರೆ ನಾನು ಬೇಡ ಅನ್ನುತ್ತೇನೆ. ಒಂದು ವರ್ಷದ ಸಿಟ್ಟಿಗೆ ಒಂದು ಊರಿನ ಗ್ರಂಥಾಲಯ ಬಲಿಯಾಗಬಾರದು. ಕಾಯ್ದೆಯಲ್ಲಿ ಗಟ್ಟಿಯಾಗಿ ಕೂತಿರುವ ದುಡ್ಡು ಅದು, ಹಾಗೇ ಇರಲಿ. ಆದರೆ ಟ್ರಾಯ್‌ನವರ ಹತ್ತಿರ ಇರುವ ಒಂದು ವಿಷಯ ನಮ್ಮ ಹತ್ತಿರ ಇಲ್ಲ. ವೋಟು ಹಾಕಿದವನಿಗೆ ತಾನು ದುಡ್ಡು ಕೊಟ್ಟಿದ್ದೇನೆ ಅಂತ ನೆನಪಿರುತ್ತದೆ. ನೆನಪಿದ್ದವನು ಲೆಕ್ಕ ಕೇಳುತ್ತಾನೆ. ನಮಗೆ ಕೊಟ್ಟದ್ದೇ ಗೊತ್ತಿಲ್ಲ.

ಈಗ ಮೊದಲನೆಯವರ ವಿಷಯ. ನಾನು ಬಿಲ್ ಕಲೆಕ್ಟರ್ ಆಗಿದ್ದ ಒಂದು ಸಣ್ಣ ಊರು, ಹೆಸರು ಬೇಡ. ಹೂ ಕಟ್ಟಿ ಮಾರುತ್ತಿದ್ದ ಒಬ್ಬ ಅಜ್ಜಿ. ಹೆಂಚಿನ ಮನೆ. ಕಂದಾಯ ಕಟ್ಟೋಕೆ ಅಂತ ಚಿಲ್ಲರೆಯನ್ನು ಸೆರಗಿನಲ್ಲಿ ಗಂಟು ಹಾಕಿ ಇಟ್ಟಿದ್ದಳು. ರಸೀದಿ ಕೊಟ್ಟೆ. ಅವಳಿಗೆ ಓದು ಬಾರದು. ಐದನೇ ಕ್ಲಾಸಿನ ಮೊಮ್ಮಗನ ಕೈಗೆ ಕೊಟ್ಟು, ‘ಓದ್ಲಾ, ಏನೇನ್ ಬರದವ್ರೆ ನೋಡು’ ಅಂದಳು. ಅವನು ಬೆರಳಿಟ್ಟು ಒಂದೊಂದೇ ಸಾಲು ಓದಿದ. ‘ಗ್ರಂಥಾಲಯ ಕರ’ ಅಂದಾಗ ಅಜ್ಜಿ ತಡೆದಳು.

‘ಹಂಗಂದ್ರೆ ಏನ್ಲಾ?’

‘ಪುಸ್ತಕ ಇಡೋ ಮನೆ ಕಣಜ್ಜಿ.’

ಅಜ್ಜಿ ನನ್ನ ಕಡೆ ತಿರುಗಿದಳು. ‘ಎಲ್ಲೈತೆ ಸ್ವಾಮಿ ಆ ಮನೆ? ನಾನ್ ದುಡ್ಡು ಕೊಟ್ಟಿವ್ನಲ್ಲ, ನಮ್ ಹುಡುಗ ಹೋಗಬೌದಾ?’

ಬಸ್ ಸ್ಟ್ಯಾಂಡ್ ಹಿಂದೆ, ಮಹಡಿ ಮೇಲೆ ಇದೆ ಅಂತ ನನಗೆ ಗೊತ್ತಿತ್ತು. ಆ ಮೆಟ್ಟಿಲು ನಾನೇ ಹತ್ತಿರಲಿಲ್ಲ. ಭಾನುವಾರ ಹುಡುಗನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಹೋದೆ. ಒಂದೇ ಟ್ಯೂಬ್‌ಲೈಟು. ಉದ್ದನೆ ಮೇಜು, ಮೇಲೆ ಎರಡು ದಿನದ ಪೇಪರು. ಗೋಡೆಗೆ ಒತ್ತಿ ಒಂದು ಗಾಜಿನ ಬೀರು. ಅದರಲ್ಲಿ ಬಣ್ಣದ ಹೊದಿಕೆಯ ಮಕ್ಕಳ ಪುಸ್ತಕಗಳು. ಬೀರುಗೆ ಬೀಗ. ಕೀಲಿ ಇನ್ಯಾರದೋ ಮನೆಯಲ್ಲಿ ಇದೆಯಂತೆ, ಅವರು ರಜೆಯಂತೆ. ಹುಡುಗ ಗಾಜಿಗೆ ಮೂಗು ಒತ್ತಿ ನಿಂತ. ಬೆನ್ನಿನ ಮೇಲಿದ್ದ ಹೆಸರುಗಳನ್ನೇ ಒಂದೊಂದಾಗಿ ಗಟ್ಟಿಯಾಗಿ ಓದಿದ. ಅವನ ಉಸಿರಿಗೆ ಗಾಜು ಮಬ್ಬಾದಾಗ ಅಂಗಿಯ ತೋಳಿನಿಂದ ಒರೆಸಿ ಮತ್ತೆ ಓದಿದ. ಮೂವತ್ತು ವರ್ಷದ ಮೇಲಾಯಿತು, ನನಗೆ ಅದು ಮರೆತಿಲ್ಲ.

ಮಾರನೆಯ ದಿನ ಅಜ್ಜಿ ಕಚೇರಿ ಬಾಗಿಲಿಗೇ ಬಂದಳು. ‘ನಮ್ಮ ಹತ್ರ ದುಡ್ಡು ಇಸ್ಕೊಂಡು ಬೀರುಗೆ ಬೀಗ ಹಾಕಂಡವ್ರಲ್ಲ ಸ್ವಾಮಿ, ಇದ್ಯಾವ ನ್ಯಾಯ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆಡ್ ಕ್ಲಾರ್ಕ್ ಹತ್ತಿರ ಹೋಗಿ ರಿಜಿಸ್ಟರ್ ತೆಗೆಸಿ ನೋಡಿದೆ. ವಸೂಲಿಯ ಕಾಲಂ ಭರ್ತಿ. ಗ್ರಂಥಾಲಯಕ್ಕೆ ಜಮಾ ಮಾಡಿದ ಕಾಲಂ ಎರಡು ವರ್ಷದಿಂದ ಖಾಲಿ. ದುಡ್ಡನ್ನು ಯಾರೂ ಜೇಬಿಗೆ ಹಾಕಿಕೊಂಡಿರಲಿಲ್ಲ. ನೀರಿನ ಪಂಪು ರಿಪೇರಿ, ಸಂಬಳ, ಹೀಗೆ ಕೈಗೆ ಸಿಕ್ಕಿದ ಕಡೆ ಖರ್ಚಾಗಿತ್ತು. ಕೇಳುವವರು ಇಲ್ಲ ಅಂದಮೇಲೆ ದಾಟಿಸುವ ಅವಸರ ಯಾರಿಗೆ? ಅಜ್ಜಿ ಮೂರು ಸಲ ಬಂದಳು. ಮೂರನೇ ಸಲ ಹೂವಿನ ಬುಟ್ಟಿ ಸಮೇತ ಮುಖ್ಯಾಧಿಕಾರಿಗಳ ರೂಮಿಗೇ ಹೋದಳು. ಆ ವಾರ ಬೀರುವಿನ ಬೀಗ ತೆಗೆದರು. ಬಾಕಿ ಪೂರ್ತಿ ಹೋಗಲಿಲ್ಲ, ಒಂದು ಕಂತು ಮಾತ್ರ ಹೋಯಿತು. ಆಮೇಲೆ ನನಗೆ ವರ್ಗ ಆಯಿತು, ಹುಡುಗ ಏನಾದ ಅಂತ ತಿಳಿಯಲಿಲ್ಲ.

ನೀವೂ ಹಾಗೇ ಕೇಳಿ ಮೇಡಂ. ಈಗ ದಾರಿ ಸುಲಭ ಇದೆ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ. ಪಾಲಿಕೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಒಂದು ಅರ್ಜಿ, ಜೊತೆಗೆ 10 ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಕಥೆ ಬರೆಯಬೇಡಿ. ಸುಮ್ನೆ ಮೂರು ಮಾತು ಕೇಳಿ: ಕಳೆದ ಮೂರು ವರ್ಷದಲ್ಲಿ ವರ್ಷವಾರು ವಸೂಲಾದ ಗ್ರಂಥಾಲಯ ಕರ ಎಷ್ಟು? ಅದರಲ್ಲಿ ಗ್ರಂಥಾಲಯಕ್ಕೆ ಜಮಾ ಮಾಡಿದ್ದು ಎಷ್ಟು, ಯಾವ ಯಾವ ತಾರೀಖಿಗೆ? ಉಳಿದ ಬಾಕಿ ಎಷ್ಟು? 30 ದಿನದಲ್ಲಿ ಉತ್ತರ ಬರಬೇಕು. ಇನ್ನೊಂದು ಅರ್ಜಿ ಗ್ರಂಥಾಲಯ ಇಲಾಖೆಗೆ: ಪಾಲಿಕೆಯಿಂದ ಬಂದದ್ದು ಎಷ್ಟು, ಪುಸ್ತಕಕ್ಕೆ ಖರ್ಚು ಮಾಡಿದ್ದು ಎಷ್ಟು? ಎರಡೂ ಉತ್ತರ ಪಕ್ಕಪಕ್ಕ ಇಟ್ಟು ನೋಡಿ. ಎರಡು ಕಡೆಯ ಅಂಕಿ ತಾಳೆ ಆಗದಿದ್ದರೆ ಪಾಲಿಕೆಯವರು ಬಜೆಟ್‌ಗೆ ಮುಂಚೆ ಸಾರ್ವಜನಿಕರ ಸಭೆ ಕರೆಯುತ್ತಾರಲ್ಲ, ಅಲ್ಲಿಗೆ ಆ ಎರಡು ಹಾಳೆ ಹಿಡಿದುಕೊಂಡು ಹೋಗಿ. ನೀವು ಮೇಷ್ಟ್ರಾಗಿದ್ದವರು. ನಿಮ್ಮ ಮಾತನ್ನು ಸಭೆಯಲ್ಲಿ ಕೇಳುತ್ತಾರೆ. ಉತ್ತರ ಬಂದಾಗ ನನಗೂ ಒಂದು ಪ್ರತಿ ಕಳಿಸಿ. ಈ ಅಂಕಣದಲ್ಲಿ ಹಾಕೋಣ.

ಪ್ರಶ್ನೆ: ನಾನು ತಿಪಟೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿ ಸದಸ್ಯ. ಗ್ರಂಥಾಲಯಕ್ಕೆ ಬಣ್ಣ ಹೊಡೆಸಿ ‘ಅರಿವು ಕೇಂದ್ರ’ ಅಂತ ಬೋರ್ಡು ಹಾಕಿದ್ದೇವೆ. ಗ್ರಾಮಸಭೆಯಲ್ಲಿ ಕಂದಾಯದ ಮಾತು ಬಂದಾಗ ‘ಲೈಬ್ರರಿ ಸೆಸ್ ತೆಗೆದುಹಾಕಿ, ನಮ್ಮ ಮನೆಯಲ್ಲಿ ಓದೋರು ಯಾರೂ ಇಲ್ಲ’ ಅಂತ ಗಲಾಟೆ ಆಯಿತು. ‘ಕೈ ಎತ್ತಿಸಿ, ಜಾಸ್ತಿ ಜನ ಏನು ಹೇಳುತ್ತಾರೋ ಹಾಗೆ ಮಾಡಿ’ ಅಂತ ಒಬ್ಬರು ಪಟ್ಟು ಹಿಡಿದರು. ನಾನು ಏನು ಹೇಳಬೇಕಿತ್ತು?

ಕೈ ಎತ್ತಿಸಿ ಅದನ್ನು ತೆಗೆಯೋಕೆ ಬರಲ್ಲ. ಅದು ಕಾಯ್ದೆಯಲ್ಲಿದೆ. ಆದರೆ ಅಷ್ಟು ಹೇಳಿ ಕೂತುಬಿಟ್ಟರೆ ಜನರ ಸಿಟ್ಟು ಇನ್ನೂ ಜಾಸ್ತಿ ಆಗುತ್ತದೆ. ಮೊದಲು ಮೊತ್ತ ಹೇಳಿ. ಮನೆ ಕಂದಾಯ 500 ರೂಪಾಯಿ ಇದ್ದರೆ ಗ್ರಂಥಾಲಯದ ಬಾಬ್ತು 30 ರೂಪಾಯಿ. ವರ್ಷಕ್ಕೆ. ಊರಲ್ಲಿ ಬಹಳ ಜನ ಇದನ್ನು ನೂರಾರು ರೂಪಾಯಿ ಅಂದುಕೊಂಡಿರುತ್ತಾರೆ.

ಆಮೇಲೆ ಬಣ್ಣ ಹೊಡೆಸಿದ ವಿಷಯ. ಇಂಗ್ಲೆಂಡಿನಲ್ಲಿ 1850ರಲ್ಲಿ ಗ್ರಂಥಾಲಯ ಕಾಯ್ದೆ ಬಂದಾಗ ತೆರಿಗೆ ಕಟ್ಟುವವರ ಮತ ತೆಗೆದುಕೊಳ್ಳಬೇಕಿತ್ತು, ಮೂರರಲ್ಲಿ ಎರಡು ಪಾಲು ಜನ ಒಪ್ಪಬೇಕಿತ್ತು. ಒಪ್ಪಿದರೂ ತೆರಿಗೆಗೆ ಹಿಡಿಯುವ ಬೆಲೆಯಲ್ಲಿ ಒಂದು ಪೌಂಡಿಗೆ ಅರ್ಧ ಪೆನ್ನಿ (ಪೆನ್ನಿ ಅಂದರೆ ಅವರ ಚಿಲ್ಲರೆ ಕಾಸು) ಮಾತ್ರ ವಸೂಲಿ ಮಾಡಬಹುದಿತ್ತು. ಆ ದುಡ್ಡಲ್ಲಿ ಕಟ್ಟಡ ಕಟ್ಟಬಹುದು, ಪುಸ್ತಕ ಕೊಳ್ಳುವಂತಿಲ್ಲ! ಪುಸ್ತಕ ಯಾರಾದರೂ ದಾನ ಕೊಡುತ್ತಾರೆ ಅಂತ ಅವರ ಲೆಕ್ಕ. ಐದೇ ವರ್ಷದಲ್ಲಿ, 1855ರಲ್ಲಿ, ಕಾಯ್ದೆ ತಿದ್ದಿ ಒಂದು ಪೆನ್ನಿ ಮಾಡಿದರು, ಪುಸ್ತಕ ಕೊಳ್ಳೋಕೂ ಬಿಟ್ಟರು. ನಿಮ್ಮ ಊರಿನ ಜನ ಹೊಸ ಬಣ್ಣ ನೋಡಿದ್ದಾರೆ, ಹೊಸ ಪುಸ್ತಕ ನೋಡಿದ್ದಾರಾ? ಇಲ್ಲ ಅಂದರೆ ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ.

ಇನ್ನೊಂದು ವಿಷಯ ನಿಮಗೆ ಗೊತ್ತಿರಲಿ. 2019ರಲ್ಲಿ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಕರ ವಸೂಲಿ ಮಾಡೋದೂ ನಿಮ್ಮ ಪಂಚಾಯ್ತಿ, ಗ್ರಂಥಾಲಯ ನೋಡಿಕೊಳ್ಳೋದೂ ನಿಮ್ಮ ಪಂಚಾಯ್ತಿ. ‘ನಾವು ಕಟ್ಟಿದೆವು, ಅವರು ಕೊಡಲಿಲ್ಲ’ ಅಂತ ಇನ್ನೊಬ್ಬರ ಕಡೆ ಬೆರಳು ತೋರಿಸೋಕೆ ಆಗಲ್ಲ. ಪಿಡಿಒ ಅವರಿಗೆ ಹೇಳಿ, ಅರಿವು ಕೇಂದ್ರದ ಬಾಗಿಲ ಪಕ್ಕ ಮೂರು ಸಾಲಿನ ಒಂದು ಬೋರ್ಡು ಬರೆಸಿ. ಈ ವರ್ಷ ಬಂದ ಗ್ರಂಥಾಲಯ ಕರ ಇಷ್ಟು, ಖರ್ಚಾದದ್ದು ಇಷ್ಟು, ಕೊಂಡ ಪುಸ್ತಕ ಇಷ್ಟು. ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ ಜಮಾಬಂದಿ, ಅಂದರೆ ಪಂಚಾಯ್ತಿಯ ಲೆಕ್ಕವನ್ನು ಜನರ ಮುಂದೆ ಇಡುವ ಸಭೆ, ಇರುತ್ತದಲ್ಲ, ಅಲ್ಲಿ ಜನ ಕೇಳುವ ಮುಂಚೆ ನೀವೇ ಎದ್ದು ಓದಿ ಹೇಳಿ.

‘ಓದೋರು ಯಾರೂ ಇಲ್ಲ’ ಅಂದವರ ಮನೆಯಲ್ಲಿ ಮಕ್ಕಳಿದ್ದಾರಾ ಅಂತ ವಿಚಾರಿಸಿ. ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಶುರುವಾದಾಗಿನಿಂದ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಪಂಚಾಯ್ತಿ ಗ್ರಂಥಾಲಯದ ಸದಸ್ಯತ್ವ ಬಿಟ್ಟಿ. ಓದು ಬಾರದ ಹಿರಿಯರಿದ್ದರೆ, ನಿಮ್ಮದು ತೆಂಗಿನ ಸೀಮೆ, ತಿಪಟೂರು ಎಪಿಎಂಸಿಯ ಕೊಬ್ಬರಿ ಹರಾಜಿನ ದರ ಪೇಪರಿನಲ್ಲಿ ಬಂದ ದಿನ ಗಟ್ಟಿಯಾಗಿ ಓದಿ ಹೇಳುವ ಏರ್ಪಾಡು ಮಾಡಿ. ಆ ದಿನ ಎಷ್ಟು ಜನ ಬರುತ್ತಾರೆ ನೋಡಿ. ಮುಂದಿನ ಗ್ರಾಮಸಭೆಗೆ ಒಂದು ಚೀಲದಲ್ಲಿ ಹೊಸ ಪುಸ್ತಕ ತೆಗೆದುಕೊಂಡು ಹೋಗಿ ಹೆಣ್ಣುಮಕ್ಕಳು ಕೂತಿರುವ ಕಡೆ ಹಂಚಿಬಿಡಿ. ಸಭೆ ಮುಗಿಯುವವರೆಗೆ ತಿರುವಿ ಹಾಕಲಿ.

ಪ್ರಶ್ನೆ: ಆಟೋ ಓಡಿಸುತ್ತೇನೆ. ಕ್ಯಾತ್ಸಂದ್ರದಲ್ಲಿ ಬಾಡಿಗೆ ಮನೆ. ಕಂದಾಯ ಕಟ್ಟೋದು ಓನರ್. ಮಗಳು ಪೊಲೀಸ್ ಪರೀಕ್ಷೆಗೆ ಓದುತ್ತಿದ್ದಾಳೆ. ಕಂದಾಯ ಕಟ್ಟದ ನಮಗೆ ಗ್ರಂಥಾಲಯದಲ್ಲಿ ಹಕ್ಕಿದೆಯಾ?

ಇದೆ ಸ್ವಾಮಿ, ಪೂರ್ತಿ ಇದೆ. ಅದು ಸಾರ್ವಜನಿಕ ಗ್ರಂಥಾಲಯ. ಒಳಗೆ ಕೂತು ಓದೋಕೆ ಯಾರೂ ರಸೀದಿ ಕೇಳುವಂತಿಲ್ಲ. ಪುಸ್ತಕ ಮನೆಗೆ ತರಬೇಕಾದರೆ ಸದಸ್ಯತ್ವ ಬೇಕು. ಅರ್ಜಿ ಅಲ್ಲೇ ಸಿಗುತ್ತದೆ, ಸಣ್ಣ ಠೇವಣಿ ಇಡಬೇಕಾಗುತ್ತದೆ, ಆಧಾರ್ ಕಾರ್ಡ್ ತೆಗೆದುಕೊಂಡು ಹೋಗಲಿ. ಮತ್ತೆ, ನೀವು ಕಂದಾಯ ಕಟ್ಟಲ್ಲ ಅಂತ ಯಾರು ಹೇಳಿದರು? ನಿಮ್ಮ ಓನರ್ ಕಟ್ಟುವ ಕಂದಾಯ ನೀವು ಕೊಡುವ ಬಾಡಿಗೆಯಲ್ಲೇ ಬರೋದು. ಮಗಳನ್ನು ನಾಳೆಯೇ ಕಳಿಸಿ. ಬೆಳಗ್ಗೆ ಬೇಗ ಹೋದರೆ ಫ್ಯಾನಿನ ಕೆಳಗಿನ ಕುರ್ಚಿ ಸಿಗುತ್ತದೆ.

ಪ್ರಶ್ನೆ: ಪುಸ್ತಕ, ಪೇಪರ್ ಎಲ್ಲಾ ಮೊಬೈಲಿನಲ್ಲೇ ಬರುವ ಈ ಕಾಲದಲ್ಲೂ ಗ್ರಂಥಾಲಯ ಕರ ವಸೂಲಿ ಮಾಡೋದು ಸರಿಯೇ?
— ಒಬ್ಬ ತೆರಿಗೆದಾರ, ಬಿ.ಎಚ್. ರಸ್ತೆ

ಸರಿ. ಯಾಕೆ ಅಂತ ನಾನು ಕಣ್ಣಾರೆ ನೋಡಿದ್ದನ್ನೇ ಹೇಳುತ್ತೇನೆ.

ನಿವೃತ್ತಿಯಾದ ಮೇಲೆ ನಾನು ದಿನಾ ಬೆಳಗ್ಗೆ ಒಂದು ಶಾಖಾ ಗ್ರಂಥಾಲಯಕ್ಕೆ ಹೋಗುತ್ತೇನೆ. ಬಾಗಿಲು ತೆಗೆಯುವ ಮುಂಚೆಯೇ ಮೆಟ್ಟಿಲ ಮೇಲೆ ಏಳೆಂಟು ಜನ ಇರುತ್ತಾರೆ. ಜಾಸ್ತಿ ಹೆಣ್ಣುಮಕ್ಕಳು. ಕೈಯಲ್ಲಿ ಟಿಫಿನ್ ಬಾಕ್ಸು, ನೀರಿನ ಬಾಟಲು, ಜೆರಾಕ್ಸ್ ಮಾಡಿಸಿ ದಾರ ಹಾಕಿದ ನೋಟ್ಸು. ಬಾಗಿಲು ತೆಗೆದ ತಕ್ಷಣ ಕುರ್ಚಿಯ ಮೇಲೆ ಕರ್ಚೀಫು ಹಾಕಿ ಜಾಗ ಹಿಡಿಯುತ್ತಾರೆ. ಅವರೆಲ್ಲರ ಹತ್ತಿರವೂ ಮೊಬೈಲ್ ಇದೆ. ಒಂದು ದಿನ ಪಕ್ಕದಲ್ಲಿ ಕೂತಿದ್ದ ಹುಡುಗಿಯನ್ನು ಕೇಳಿದೆ, ‘ಏನಮ್ಮಾ, ಮನೆಯಲ್ಲೇ ಓದಬಹುದಲ್ಲ?’ ಅಂತ. ‘ಮನೇಲಿ ಇರೋದೇ ಒಂದು ರೂಮು ಸರ್. ಟಿವಿ ಅಲ್ಲೇ, ಒಲೆ ಅಲ್ಲೇ. ಇಲ್ಲಿ ಕೂತ್ರೆ ಯಾರೂ ಎದ್ದು ನೀರು ತಗೊಂಬಾ ಅನ್ನಲ್ಲ’ ಅಂದಳು.

ಅವಳು ಮೂರು ವರ್ಷದಿಂದ ಬರುತ್ತಿದ್ದಾಳೆ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಒಂದೊಂದಕ್ಕೂ ನೂರಾರು ರೂಪಾಯಿ ಬೆಲೆ. ಅವಳು ಓದುವ ಪುಸ್ತಕದ ಹಿಂದಿನ ರಟ್ಟಿನ ಒಳಗೆ ತಾರೀಖಿನ ಮುದ್ರೆ ಹಾಕುವ ಚೀಟಿ ಇದೆಯಲ್ಲ, ಅದು ತುಂಬಿ ಮೇಲೊಂದು ಚೀಟಿ, ಅದರ ಮೇಲೆ ಇನ್ನೊಂದು ಅಂಟಿಸಿದ್ದಾರೆ. ಒಂದೇ ಪುಸ್ತಕ ಎಷ್ಟು ಮನೆಗೆ ಹೋಗಿ ಬಂದಿರಬೇಕು! ನಿಮ್ಮ ಆರು ಪರ್ಸೆಂಟು ಕೊಳ್ಳೋದು ಆ ಪುಸ್ತಕವನ್ನ, ಆ ಕುರ್ಚಿಯನ್ನ. ಮೊಬೈಲ್ ಕಂಪನಿಯವರು ಕುರ್ಚಿ ಹಾಕಿ, ಫ್ಯಾನ್ ಹಾಕಿ, ಗಲಾಟೆ ಮಾಡಬೇಡಿ ಅಂತ ಹೇಳೋಕೆ ಒಬ್ಬರನ್ನು ಕೂರಿಸಲ್ಲ.

ನಿಮಗೆ ಬೇಡ ಅನ್ನಿಸಬಹುದು, ಅದನ್ನು ನಾನು ತಪ್ಪು ಅನ್ನಲ್ಲ. ಮನೆಯಲ್ಲಿ ಬೇರೆ ರೂಮು, ನೆಟ್ಟು ಎಲ್ಲಾ ಇರುವವರಿಗೆ ಹಾಗೆ ಅನ್ನಿಸೋದು ಸಹಜ. ಒಂದು ಸಲ ಬೆಳಗ್ಗೆ ಒಂಬತ್ತಕ್ಕೆ ಬನ್ನಿ, ಬಾಗಿಲಲ್ಲಿ ನಿಂತು ನೋಡಿ. ಆಮೇಲೂ ಕರ ಬೇಡ ಅನ್ನಿಸಿದರೆ ಮತ್ತೆ ಬರೆಯಿರಿ, ನಿಮ್ಮ ಕಾಗದವನ್ನು ಪೂರ್ತಿ ಹಾಕುತ್ತೇನೆ.

ಪ್ರಶ್ನೆ: ಏಪ್ರಿಲ್‌ನಲ್ಲಿ ಕಂದಾಯ ಕಟ್ಟಿದರೆ ರಿಯಾಯಿತಿ ಇದೆ ಅನ್ನುತ್ತಾರೆ, ನಿಜವೇ?

ನಿಜ. ಏಪ್ರಿಲ್ ತಿಂಗಳಲ್ಲಿ ಪೂರ್ತಿ ಕಟ್ಟಿದರೆ ಶೇ. 5 ರಿಯಾಯಿತಿ. ತಡ ಮಾಡಿದರೆ ತಿಂಗಳಿಗೆ ಶೇ. 2ರಂತೆ ದಂಡ ಏರುತ್ತಾ ಹೋಗುತ್ತದೆ. ಕಟ್ಟಿ, ರಸೀದಿ ಜೋಪಾನ ಮಾಡಿ.

ಪ್ರಶ್ನೆ: ನಾನು ಕೊರಟಗೆರೆ ತಾಲ್ಲೂಕಿನ ಹಳ್ಳಿಯಲ್ಲಿ ಎಂಟನೇ ಕ್ಲಾಸ್ ಓದುತ್ತಿದ್ದೇನೆ. ನಮ್ಮ ಪಂಚಾಯ್ತಿ ಲೈಬ್ರರಿಯಲ್ಲಿ ನಕ್ಷತ್ರಗಳ ಬಗ್ಗೆ ಪುಸ್ತಕ ಒಂದೂ ಇಲ್ಲ. ಯಾರನ್ನು ಕೇಳಬೇಕು? ನನಗೆ ವೋಟಿಲ್ಲ, ನನ್ನ ಮಾತು ಕೇಳುತ್ತಾರಾ?

ಕೇಳಲೇಬೇಕು ಪುಟ್ಟಿ. ಪ್ರತಿ ವರ್ಷ ಪಂಚಾಯ್ತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ನಿಮ್ಮ ಶಾಲೆಗೂ ತಿಳಿಸುತ್ತಾರೆ. ಅಲ್ಲಿ ದೊಡ್ಡವರು ಕೂತು ಕೇಳಬೇಕು, ನೀವು ಹೇಳಬೇಕು. ಅದಕ್ಕೆ ವೋಟು ಬೇಡ, ವಯಸ್ಸೂ ಬೇಡ. ಬರೀ ಬಾಯಲ್ಲಿ ಹೇಳಬೇಡ, ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗು. ಪುಸ್ತಕದ ಹೆಸರು ಗೊತ್ತಿಲ್ಲದಿದ್ದರೆ ಪರವಾಗಿಲ್ಲ. ‘ನಕ್ಷತ್ರ, ಗ್ರಹ, ದೂರದರ್ಶಕದ ಬಗ್ಗೆ ಕನ್ನಡದಲ್ಲಿ ಇರುವ ಪುಸ್ತಕಗಳು, ಚಿತ್ರ ಇರುವಂಥವು’ ಅಂತ ಬರಿ. ನಿನ್ನ ಕ್ಲಾಸಿನಲ್ಲಿ ಬೇರೆಯವರಿಗೂ ಬೇಕಿದ್ದರೆ ಅವರ ಕೈಲೂ ಸಹಿ ಮಾಡಿಸು. ಎರಡು ಪ್ರತಿ ಮಾಡಿಕೋ. ಒಂದನ್ನು ಪಿಡಿಒ ಅವರಿಗೆ ಕೊಟ್ಟು, ಇನ್ನೊಂದರ ಮೇಲೆ ‘ಸ್ವೀಕರಿಸಿದೆ’ ಅಂತ ಸೀಲು ಹಾಕಿಸಿಕೊಂಡು ಬಾ. ಮನೆಗೆ ಹೋದ ಮೇಲೆ ಅಪ್ಪ ಅಥವಾ ಅಮ್ಮನ ಹತ್ತಿರ ಈ ವರ್ಷದ ಕಂದಾಯದ ರಸೀದಿ ಇಸ್ಕೊಂಡು, ಗ್ರಂಥಾಲಯ ಕರ ಅಂತ ಬರೆದಿರುವ ಸಾಲನ್ನು ಹುಡುಕು. ಆ ಮೊತ್ತವನ್ನು ನಿನ್ನ ಪ್ರತಿಯ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿಟ್ಟುಕೋ. ಸಭೆಯಲ್ಲಿ ಯಾರಾದರೂ ದುಡ್ಡಿಲ್ಲ ಅಂದರೆ ಹಾಳೆ ತಿರುಗಿಸಿ ತೋರಿಸು.